ಎಎಸ್/400 ಮೇಲೆ ನೋಡ್, ಗಿಟ್, ಓಡಿಬಿಸಿ: ಐಬಿಎಂ ಐ ಯಂತ್ರದಲ್ಲಿ ವೆಬ್ ಕೆಲಸ ನಡೆಸುವ ಕ್ರಮ

ಐಬಿಎಂ 1988ರ ಜೂನ್‌ನಲ್ಲಿ ಎಎಸ್/400 ಎಂದು ಘೋಷಿಸಿದ, ಕಂಪನಿಗಳ ವ್ಯವಹಾರ ನಡೆಸುವ ಯಂತ್ರದ ಹೆಸರು ಐಸೀರೀಸ್, ಸಿಸ್ಟಂ ಐ ಎಂದೆಲ್ಲ ಬದಲಾಗಿದೆ. 2008ರಿಂದ ಆಪರೇಟಿಂಗ್ ಸಿಸ್ಟಂಗೆ ಐಬಿಎಂ ಐ ಎಂದೂ ಹಾರ್ಡ್‌ವೇರ್‌ಗೆ ಪವರ್ ಎಂದೂ ಹೆಸರು. ಬೆಂಗಳೂರಿನ ಸೇವಾ ಕಂಪನಿಗಳಲ್ಲಿ ವಿದೇಶದ ಗಿರಣಿ, ಗೋದಾಮು, ವಿಮಾ ಕಂಪನಿಗಳ ಯಂತ್ರಗಳನ್ನು ನೋಡಿಕೊಳ್ಳುವ ತಂಡಗಳು ಇವತ್ತಿಗೂ ಅದನ್ನು ಎಎಸ್/400 ಎಂದೇ ಕರೆಯುತ್ತವೆ. ಒಳಗೆ ದಶಕಗಳಿಂದ ಓಡುತ್ತಿರುವ ಆರ್‌ಪಿಜಿ ಭಾಷೆಯ ಪ್ರೋಗ್ರಾಂ, ಐಬಿಎಂನ ಡೇಟಾಬೇಸ್ ಆದ ಡಿಬಿ2ರ ಫೈಲ್, ಅಕ್ಷರಗಳಷ್ಟೇ ಕಾಣುವ ಹಸಿರು ಪರದೆಯ ಟರ್ಮಿನಲ್. ಈಗ ಅದೇ ದತ್ತಾಂಶ ಬ್ರೌಸರ್‌ನಲ್ಲಿ, ಮೊಬೈಲ್‌ನಲ್ಲಿ ಬೇಕು.

ಇದಕ್ಕಾಗಿ ಇನ್ನೊಂದು ಸರ್ವರ್ ಕೊಂಡು ದಿನಾ ರಾತ್ರಿ ದತ್ತಾಂಶ ನಕಲು ಮಾಡುವುದು ಬಹಳ ಕಡೆ ರೂಢಿ. ಅದು ಬೇಕಿಲ್ಲ. ಜಾವಾಸ್ಕ್ರಿಪ್ಟ್ ಓಡಿಸುವ ನೋಡ್, ಪೈಥಾನ್, ಕೋಡ್‌ನ ಆವೃತ್ತಿಗಳನ್ನು ಕಾಯುವ ಗಿಟ್, ವೆಬ್ ಸರ್ವರ್ ಆದ ಎಂಜಿನ್‌ಎಕ್ಸ್ ಎಲ್ಲವೂ ಅದೇ ಯಂತ್ರದೊಳಗೆ ಪೇಸ್ ಎಂಬ ಪದರದಲ್ಲಿ ಓಡುತ್ತವೆ. ದತ್ತಾಂಶ ಇದ್ದಲ್ಲೇ ಇರುತ್ತದೆ, ಗೋದಾಮಿನ ದಾಸ್ತಾನು ನಿನ್ನೆಯದಲ್ಲ, ಈ ಕ್ಷಣದ್ದು ಕಾಣುತ್ತದೆ. ಆದರೆ ಪೇಸ್ ಲಿನಕ್ಸ್ ಅಲ್ಲ. ಅದು ಐಬಿಎಂನದೇ ಯುನಿಕ್ಸ್ ಆದ ಎಐಎಕ್ಸ್‌ನ ಬೈನರಿಗಳನ್ನು ಓಡಿಸುವ ಪರಿಸರ. ಲಿನಕ್ಸ್ ಅಭ್ಯಾಸದವರು ಇಲ್ಲಿ ಸಿಕ್ಕಿಹಾಕಿಕೊಳ್ಳುವುದು ಮುಖ್ಯವಾಗಿ ಮೂರು ಕಡೆ: ಪಾತ್ (ಕಮಾಂಡ್‌ಗಳನ್ನು ಹುಡುಕುವ ಫೋಲ್ಡರ್‌ಗಳ ಪಟ್ಟಿ), ಅಕ್ಷರ ಸಂಕೇತ, ಜಾಬ್ (ಯಂತ್ರದಲ್ಲಿ ಓಡುವ ಕೆಲಸದ ಘಟಕ). ಈ ಮಾರ್ಗದರ್ಶಿ ಹೆಚ್ಚು ಹೊತ್ತು ನಿಲ್ಲುವುದೂ ಆ ಮೂರರ ಬಳಿಯೇ.

ಒಂದು ಸೂಚನೆ: ಕಮಾಂಡ್‌ಗಳನ್ನೂ ಫೈಲ್ ಹೆಸರುಗಳನ್ನೂ ಇಲ್ಲಿ ಉಚ್ಚಾರದಂತೆ ಕನ್ನಡದಲ್ಲಿ ಕೊಟ್ಟಿದೆ. ಪರದೆಯ ಮೇಲೆ ಇಂಗ್ಲಿಷ್ ಅಕ್ಷರಗಳಲ್ಲೇ ಹೊಡೆಯಬೇಕು. 'ಸ್ಟಾರ್' ಎಂದರೆ * ಚಿಹ್ನೆ, 'ಸ್ಲ್ಯಾಶ್' ಎಂದರೆ / ಚಿಹ್ನೆ, 'ಡಾಟ್' ಎಂದರೆ ಚುಕ್ಕಿ.

ಮೊದಲು ಯಂತ್ರವನ್ನು ನೋಡಿಕೊಳ್ಳಿ

ಆಪರೇಟಿಂಗ್ ಸಿಸ್ಟಂ 7.4 ಅಥವಾ ಅದಕ್ಕಿಂತ ಹೊಸದಿರಲಿ. 7.3ರ ಸಾಮಾನ್ಯ ಬೆಂಬಲ 2023ರ ಸೆಪ್ಟೆಂಬರ್‌ಗೆ ಮುಗಿದಿದೆ. ಹಸಿರು ಪರದೆಯಲ್ಲಿ 'ಗೋ ಲಿಕ್‌ಪಿಜಿಎಂ' ಹೊಡೆದು 10ನೇ ಆಯ್ಕೆ ತೆಗೆದರೆ ಯಾವ ಯಾವ ಉತ್ಪನ್ನ ಕೂತಿದೆ ಎಂದು ತಿಳಿಯುತ್ತದೆ. ಮೂರು ಬೇಕು: 5770-ಎಸ್‌ಎಸ್1ರ 33ನೇ ಆಯ್ಕೆ, ಅಂದರೆ ಪೇಸ್, 5733-ಎಸ್‌ಸಿ1 ಮತ್ತು ಅದರ 1ನೇ ಆಯ್ಕೆ, ಅಂದರೆ ಓಪನ್‌ಎಸ್‌ಎಸ್‌ಎಚ್, 5770-ಡಿಜಿ1, ಅಂದರೆ ಅಪಾಚೆ ಆಧಾರಿತ ಎಚ್‌ಟಿಟಿಪಿ ಸರ್ವರ್. ಪಟ್ಟಿಯಲ್ಲಿ 5733-ಒಪಿಎಸ್ ಕಂಡರೆ ಅದು ಹಳೆಯ ಕಾಲದ ನೋಡ್ ಮತ್ತು ಪೈಥಾನ್ ಕಟ್ಟು. ಐಬಿಎಂ ಅದನ್ನು ಕೈಬಿಟ್ಟಿದೆ. ಹೊಸ ಕೆಲಸವನ್ನು ಅದರ ಮೇಲೆ ಕಟ್ಟಬೇಡಿ.

ದೂರದಿಂದ ಸುರಕ್ಷಿತವಾಗಿ ಟರ್ಮಿನಲ್ ತೆರೆಯುವ ಎಸ್‌ಎಸ್‌ಎಚ್ ಶುರುಮಾಡಲು 'ಎಸ್‌ಟಿಆರ್‌ಟಿಸಿಪಿಎಸ್‌ವಿಆರ್' ಕಮಾಂಡ್‌ನ ಸರ್ವರ್ ಜಾಗದಲ್ಲಿ 'ಸ್ಟಾರ್ ಎಸ್‌ಎಸ್‌ಎಚ್‌ಡಿ' ಎಂದು ಕೊಡಿ. ಐಪಿಎಲ್, ಅಂದರೆ ಯಂತ್ರದ ಮರುಪ್ರಾರಂಭ, ಆದ ಮೇಲೂ ತಾನಾಗಿ ಏಳಬೇಕಾದರೆ 'ಸಿಎಚ್‌ಜಿಟಿಸಿಪಿಎಸ್‌ವಿಆರ್'ನಲ್ಲಿ ಆಟೋಸ್ಟಾರ್ಟ್ ಅನ್ನು 'ಸ್ಟಾರ್ ಯೆಸ್' ಮಾಡಿ.

ಯೂಸರ್ ಪ್ರೊಫೈಲ್ ಮಾಡಿದ ಮಾತ್ರಕ್ಕೆ ಹೋಮ್ ಡೈರೆಕ್ಟರಿ ಹುಟ್ಟುವುದಿಲ್ಲ. ಪ್ರತಿಯೊಬ್ಬರಿಗೂ ಸ್ಲ್ಯಾಶ್ ಹೋಮ್ ಅಡಿಯಲ್ಲಿ ಕೈಯಾರೆ ಮಾಡಿ, ಮಾಲೀಕತ್ವವನ್ನು ಆ ಪ್ರೊಫೈಲ್‌ಗೇ ಕೊಡಬೇಕು. ಅನುಮತಿ ಹೋಮ್‌ಗೆ 755, ಅದರೊಳಗಿನ ಡಾಟ್ ಎಸ್‌ಎಸ್‌ಎಚ್ ಫೋಲ್ಡರ್‌ಗೆ 700, ಆಥರೈಸ್ಡ್ ಕೀಸ್ ಫೈಲ್‌ಗೆ 600. ಐಎಫ್‌ಎಸ್‌ನಲ್ಲಿ, ಅಂದರೆ ಯಂತ್ರದ ಯುನಿಕ್ಸ್ ಮಾದರಿಯ ಫೈಲ್ ವ್ಯವಸ್ಥೆಯಲ್ಲಿ, ಸಲೀಸಾಗಿ ಮಾಡಿದ ಫೋಲ್ಡರ್‌ಗೆ ಬೇರೆಯವರೂ ಬರೆಯಬಹುದಾದ ಅನುಮತಿ ಇರುತ್ತದೆ. ಹಾಗಿದ್ದರೆ ಎಸ್‌ಎಸ್‌ಎಚ್ ಸರ್ವರ್ ನಿಮ್ಮ ಕೀಯನ್ನು ಸುಮ್ಮನೆ ತಳ್ಳಿಹಾಕಿ ಪಾಸ್‌ವರ್ಡ್ ಕೇಳುತ್ತದೆ. 'ಕೀ ಹಾಕಿದ್ದೇನೆ, ಆದರೂ ಪಾಸ್‌ವರ್ಡ್ ಕೇಳುತ್ತಿದೆ' ಎಂಬ ದೂರಿಗೆ ಹತ್ತಕ್ಕೆ ಒಂಬತ್ತು ಸಲ ಕಾರಣ ಇದೇ.

ಇಲ್ಲಿಂದ ಮುಂದೆ ಪೇಸ್ ಕೆಲಸಕ್ಕೆ ಎಸ್‌ಎಸ್‌ಎಚ್ ಟರ್ಮಿನಲ್ ಮಾತ್ರ ಬಳಸಿ. 'ಕ್ಯೂಪಿ2ಟರ್ಮ್' ಮತ್ತು 'ಕ್ಯೂಎಸ್‌ಎಚ್' ಪೂರ್ಣ ಟರ್ಮಿನಲ್‌ಗಳಲ್ಲ. ಅವುಗಳಲ್ಲಿ ಎಡಿಟರ್ ತೆರೆಯುವುದಿಲ್ಲ, ಪ್ರಶ್ನೆ ಕೇಳುವ ಇನ್‌ಸ್ಟಾಲರ್‌ಗಳು ನೇತಾಡುತ್ತವೆ.

ಯಮ್ ಮತ್ತು ಪಾತ್

2018ರಿಂದ ಐಬಿಎಂ ಓಪನ್ ಸೋರ್ಸ್ ಸಾಮಾನನ್ನೆಲ್ಲ ಆರ್‌ಪಿಎಂ ಪ್ಯಾಕೇಜುಗಳಾಗಿ ಕೊಡುತ್ತಿದೆ. ತರಿಸುವುದು ಯಮ್ ಎಂಬ ಪ್ಯಾಕೇಜ್ ಉಪಕರಣದ ಮೂಲಕ. ಮೊದಲ ಸಲ ಸುಲಭ ದಾರಿ ಪಿಸಿಯಲ್ಲಿ ಓಡುವ ಐಬಿಎಂನ ಆಕ್ಸೆಸ್ ಕ್ಲೈಂಟ್ ಸೊಲ್ಯೂಷನ್ಸ್. ಅದರ ಟೂಲ್ಸ್ ಮೆನುವಿನಲ್ಲಿ 'ಓಪನ್ ಸೋರ್ಸ್ ಪ್ಯಾಕೇಜ್ ಮ್ಯಾನೇಜ್‌ಮೆಂಟ್' ತೆರೆದು, ಆಲ್‌ಆಬ್ಜ್ (ಎಲ್ಲ ಆಬ್ಜೆಕ್ಟ್‌ಗಳ ಮೇಲಿನ) ಅಧಿಕಾರ ಇರುವ ಪ್ರೊಫೈಲ್‌ನಿಂದ ಸೇರಿಕೊಂಡರೆ, ಯಮ್ ಇಲ್ಲವೆಂದು ಗುರುತಿಸಿ ಅದೇ ಕೂರಿಸುತ್ತದೆ. ಉತ್ಪಾದನಾ ಯಂತ್ರಕ್ಕೆ ಇಂಟರ್ನೆಟ್ ಇರುವುದಿಲ್ಲ ಎಂಬುದು ಸಾಮಾನ್ಯ. ಆಗ ಅದೇ ಕಿಟಕಿಯಲ್ಲಿ ನಿಮ್ಮ ಪಿಸಿಯ ಸಂಪರ್ಕವನ್ನೇ ಹಾಯಿಸಿಕೊಳ್ಳುವ ಆಯ್ಕೆಯಿದೆ. ಯಂತ್ರಗಳು ಹಲವಿದ್ದರೆ ಒಳಜಾಲದಲ್ಲೇ ಒಂದು ರೆಪಾಸಿಟರಿ (ಪ್ಯಾಕೇಜುಗಳ ಭಂಡಾರ) ನಕಲು ಇಟ್ಟು ಎಲ್ಲವನ್ನೂ ಅದರತ್ತ ತಿರುಗಿಸುವುದು ಹೆಚ್ಚು ಅಚ್ಚುಕಟ್ಟು.

ಪ್ಯಾಕೇಜುಗಳು ಕೂರುವುದು ಸ್ಲ್ಯಾಶ್ ಕ್ಯೂಓಪನ್‌ಸಿಸ್, ಅದರೊಳಗೆ ಪಿಕೆಜಿಎಸ್, ಅದರೊಳಗೆ ಬಿನ್ ಎಂಬಲ್ಲಿ. ಕ್ಯೂಓಪನ್‌ಸಿಸ್ ಅಡಿಯಲ್ಲಿ ದೊಡ್ಡಕ್ಷರ, ಚಿಕ್ಕಕ್ಷರ ಬೇರೆಬೇರೆ ಎಂಬುದು ನೆನಪಿರಲಿ. ಈ ಫೋಲ್ಡರ್ ತಾನಾಗಿ ಪಾತ್‌ನಲ್ಲಿ ಇರುವುದಿಲ್ಲ. ಹೋಮ್ ಡೈರೆಕ್ಟರಿಯ ಡಾಟ್ ಪ್ರೊಫೈಲ್ ಫೈಲಿನಲ್ಲಿ ಪಾತ್‌ನ ಮೊದಲಿಗೇ ಇದನ್ನು ಸೇರಿಸಿ, ಮುಂದಿನ ಸಾಲಿನಲ್ಲಿ ಎಕ್ಸ್‌ಪೋರ್ಟ್ ಮಾಡಿ. ಕೊನೆಗೆ ಸೇರಿಸಿದರೆ ಐಬಿಎಂ ಜೊತೆ ಬರುವ ಹಳೆಯ ಗ್ರೆಪ್, ಸೆಡ್, ಟಾರ್‌ಗಳೇ ಮೊದಲು ಸಿಕ್ಕಿ, ಲಿನಕ್ಸ್‌ಗೆಂದು ಬರೆದ ಸ್ಕ್ರಿಪ್ಟ್‌ಗಳು ಅರ್ಥವಾಗದ ಆಯ್ಕೆ ಎಂದು ಬೈಯುತ್ತವೆ.

ಈ ಪುಟ್ಟ ಫೈಲಿನಲ್ಲಿ ಕೆಟ್ಟುಹೋಗುವ ಸಂಗತಿಗಳು ಮೂರು. ವಿಂಡೋಸ್ ನೋಟ್‌ಪ್ಯಾಡ್‌ನಲ್ಲಿ ಬರೆದು ಕಳಿಸಿದರೆ ಪ್ರತಿ ಸಾಲಿನ ಕೊನೆಗೆ ಕ್ಯಾರೇಜ್ ರಿಟರ್ನ್ ಸೇರಿ ಪಾತ್ ಹಾಳಾಗುತ್ತದೆ. ಸಾಲಿನ ಅಂತ್ಯ ಎಲ್‌ಎಫ್ (ಲೈನ್ ಫೀಡ್) ಮಾತ್ರ ಇರಬೇಕು. ಹಸಿರು ಪರದೆಯ 'ಇಡಿಟಿಎಫ್'ನಿಂದ ಹೊಸದಾಗಿ ಮಾಡಿದರೆ ಫೈಲ್ ಐಬಿಎಂನ ಹಳೆಯ ಅಕ್ಷರ ಸಂಕೇತವಾದ ಎಬ್ಸಿಡಿಕ್‌ನಲ್ಲಿ ಹುಟ್ಟಬಹುದು. ಪೇಸ್ ಶೆಲ್‌ಗೆ ಅದು ಬರೀ ಕಸ. ಇನ್ನು ಬ್ಯಾಷ್ ಬಳಸುವವರ ಹೋಮ್‌ನಲ್ಲಿ ಡಾಟ್ ಬ್ಯಾಷ್ ಪ್ರೊಫೈಲ್ ಎಂಬ ಫೈಲ್ ಇದ್ದರೆ ಬ್ಯಾಷ್ ಅದನ್ನಷ್ಟೇ ಓದಿ ಡಾಟ್ ಪ್ರೊಫೈಲ್ ಕಡೆ ತಿರುಗಿಯೂ ನೋಡುವುದಿಲ್ಲ.

ಬ್ಯಾಷ್ ಅನ್ನು ಶಾಶ್ವತ ಶೆಲ್ ಮಾಡಿಕೊಳ್ಳಲು ಎಸ್‌ಕ್ಯೂಎಲ್ ಕಿಟಕಿಯಲ್ಲಿ ಕ್ಯೂಸಿಸ್2 ಸ್ಕೀಮಾದ 'ಸೆಟ್ ಪೇಸ್ ಶೆಲ್ ಇನ್ಫೋ' ಪ್ರೊಸೀಜರ್ ಕರೆಯಿರಿ. ಮೊದಲ ಪ್ಯಾರಾಮೀಟರ್ 'ಸ್ಟಾರ್ ಕರೆಂಟ್', ಎರಡನೆಯದು ಬ್ಯಾಷ್‌ನ ಪೂರ್ಣ ಪಾತ್.

ಆಮೇಲೆ ಯಮ್ ಕೆಲಸ. ಹಳೆಯ ಸ್ಥಾಪನೆಯಾಗಿದ್ದರೆ 'ಯಮ್ ಇನ್‌ಸ್ಟಾಲ್ ಐಬಿಎಂಐ-ರೆಪೋಸ್' ಓಡಿಸಿ ಹೊಸ ರೆಪಾಸಿಟರಿಗಳನ್ನು ಸೇರಿಸಿ, ಹಳೆಯದನ್ನು ನಿಷ್ಕ್ರಿಯಗೊಳಿಸಿ. ನಂತರ ಬ್ಯಾಷ್, ಗಿಟ್, ನ್ಯಾನೋ, ಆರ್‌ಸಿಂಕ್, ಸರ್ವಿಸ್-ಕಮಾಂಡರ್, ಸಿಎ-ಸರ್ಟಿಫಿಕೇಟ್ಸ್-ಮೊಝಿಲ್ಲಾ ತರಿಸಿ. ಕೊನೆಯದನ್ನು ಬಿಟ್ಟರೆ ಗಿಟ್ ಎಚ್‌ಟಿಟಿಪಿಎಸ್ ವಿಳಾಸಗಳನ್ನು ನಂಬುವುದಿಲ್ಲ. ನೋಡ್‌ಗೆ ಆವೃತ್ತಿಗೊಂದು ಪ್ಯಾಕೇಜ್ ಇದೆ: ನೋಡ್‌ಜೆಎಸ್20, ನೋಡ್‌ಜೆಎಸ್22 ಎಂಬಂತೆ. 'ಯಮ್ ಸರ್ಚ್ ನೋಡ್‌ಜೆಎಸ್' ಹೊಡೆದು ಸಿಗುವುದರಲ್ಲಿ ಹೊಸ ಸಮಸಂಖ್ಯೆಯ ಆವೃತ್ತಿ ಆರಿಸಿ. ಸಮಸಂಖ್ಯೆಯವಕ್ಕೇ ದೀರ್ಘ ಬೆಂಬಲ. ಎರಡು ಆವೃತ್ತಿ ಒಟ್ಟಿಗೆ ಇರಬಹುದು. ಆದ್ದರಿಂದ ಸರ್ವಿಸ್ ಓಡಿಸುವಾಗ ಬರೀ 'ನೋಡ್' ಎನ್ನದೆ ಪಿಕೆಜಿಎಸ್ ಒಳಗಿನ ಲಿಬ್, ಅದರೊಳಗಿನ ನೋಡ್‌ಜೆಎಸ್20, ಅದರ ಬಿನ್ ಎಂದು ಪೂರ್ಣ ಪಾತ್ ಕೊಡುವುದು ಕ್ಷೇಮ.

ಎಐಎಕ್ಸ್‌ಗೆಂದು ಬೇರೆಡೆ ಸಿಗುವ ಆರ್‌ಪಿಎಂಗಳನ್ನು ತಂದು ಬೆರೆಸಬೇಡಿ. ಓಡುತ್ತವೆ ಎಂದು ಅನಿಸುತ್ತದೆ, ಆಮೇಲೆ ಒಂದೇ ಹೆಸರಿನ ಎರಡು ಲೈಬ್ರರಿ ಜಗಳಕ್ಕೆ ಬೀಳುತ್ತವೆ. 0509ರಿಂದ ಶುರುವಾಗುವ ಎರರ್ ಬಂದರೆ ಅದು ಲೋಡರ್‌ನ ದೂರು. ಮೊದಲು ಲಿಬ್‌ಪಾತ್ ಎಂಬ ವೇರಿಯಬಲ್ ಯಾರಾದರೂ ಹೊಂದಿಸಿದ್ದಾರೋ ನೋಡಿ, ಇದ್ದರೆ ತೆಗೆಯಿರಿ. ಯಮ್ ಪ್ಯಾಕೇಜುಗಳಿಗೆ ಅದು ಬೇಕಿಲ್ಲ.

ಕೋಡ್ ಬರೆಯುವುದು ಎಲ್ಲಿ

ವಿಎಸ್ ಕೋಡ್‌ನಲ್ಲಿ 'ಕೋಡ್ ಫಾರ್ ಐಬಿಎಂ ಐ' ಎಕ್ಸ್‌ಟೆನ್ಷನ್ ಹಾಕಿಕೊಳ್ಳಿ. ಅದಕ್ಕೆ ಬೇಕಾದದ್ದು ಎಸ್‌ಎಸ್‌ಎಚ್ ಮಾತ್ರ. ಐಎಫ್‌ಎಸ್ ಫೈಲ್‌ಗಳೂ ಲೈಬ್ರರಿಯ (ಫೈಲ್, ಪ್ರೋಗ್ರಾಂಗಳ ಸಂಗ್ರಹದ) ಸೋರ್ಸ್ ಮೆಂಬರ್‌ಗಳೂ, ಅಂದರೆ ಸೋರ್ಸ್ ಫೈಲಿನೊಳಗಿನ ಬಿಡಿ ಭಾಗಗಳೂ, ಒಂದೇ ಕಡೆ ತೆರೆಯುತ್ತವೆ. ಲಿನಕ್ಸ್ ಸರ್ವರ್‌ಗಳಿಗೆ ಬಳಸುವ ರಿಮೋಟ್ ಎಸ್‌ಎಸ್‌ಎಚ್ ಎಕ್ಸ್‌ಟೆನ್ಷನ್ ಇಲ್ಲಿ ನಡೆಯುವುದಿಲ್ಲ. ಅದು ಆಚೆ ಬದಿಯಲ್ಲಿ ಕೂರಿಸಬೇಕಾದ ತುಂಡು ಪೇಸ್‌ಗೆ ಲಭ್ಯವಿಲ್ಲ.

ಆರ್‌ಪಿಜಿ ಸೋರ್ಸ್ ಅನ್ನೂ ಗಿಟ್‌ಗೆ ತರಬೇಕೆಂದರೆ ಮೆಂಬರ್‌ಗಳನ್ನು ಐಎಫ್‌ಎಸ್‌ಗೆ ಇಳಿಸಬೇಕು. 'ಸಿಪಿವೈಟಿಒಎಸ್‌ಟಿಎಂಎಫ್' ಕಮಾಂಡ್‌ನಲ್ಲಿ ಸ್ಟ್ರೀಮ್ ಫೈಲ್‌ನ ಸಿಸಿಎಸ್‌ಐಡಿ (ಅಕ್ಷರ ಸಂಕೇತದ ಸಂಖ್ಯೆ) 1208, ಅಂದರೆ ಯುಟಿಎಫ್-8, ಸಾಲಿನ ಅಂತ್ಯ 'ಸ್ಟಾರ್ ಎಲ್‌ಎಫ್' ಕೊಡಿ. ಸಾಲುವಾರು ತಿದ್ದುಪಡಿ ದಿನಾಂಕಗಳು ಇಲ್ಲಿ ಬಿದ್ದುಹೋಗುತ್ತವೆ. ಆ ದಿನಾಂಕಗಳನ್ನು ನೆಚ್ಚಿಕೊಂಡ ತಂಡವಾದರೆ ಹಳೆಯ ಸೋರ್ಸ್ ಫೈಲ್ ಅನ್ನು ಓದಲು ಮಾತ್ರ ಎಂದು ಮಾಡಿ ಇಟ್ಟುಕೊಳ್ಳಿ. ಯುಟಿಎಫ್-8 ಸೋರ್ಸ್ ಕಂಪೈಲ್ ಮಾಡುವಾಗ 'ಸಿಆರ್‌ಟಿಬಿಎನ್‌ಡಿಆರ್‌ಪಿಜಿ'ಗೆ ಟಿಜಿಟಿಸಿಸಿಎಸ್‌ಐಡಿ ಜಾಗದಲ್ಲಿ 'ಸ್ಟಾರ್ ಜಾಬ್' ಕೊಡುವುದನ್ನು ಮರೆಯಬೇಡಿ.

ಐಎಫ್‌ಎಸ್‌ನ ಪ್ರತಿ ಫೈಲಿಗೂ ಒಂದು ಸಿಸಿಎಸ್‌ಐಡಿ ಗುರುತು ಅಂಟಿರುತ್ತದೆ. ಒಳಗಿರುವುದು ಯುಟಿಎಫ್-8, ಗುರುತು 37, ಅಂದರೆ ಎಬ್ಸಿಡಿಕ್, ಎಂದಿದ್ದರೆ ಪೇಸ್‌ನಲ್ಲಿ ಸರಿಯಾಗಿ ಕಾಣುತ್ತದೆ, ಹಸಿರು ಪರದೆಯಲ್ಲಿ ಮತ್ತು ಅಪಾಚೆಯಲ್ಲಿ ಕಲಸುಮೇಲೋಗರ. 'ಡಬ್ಲ್ಯುಆರ್‌ಕೆಎಲ್‌ಎನ್‌ಕೆ'ಯಲ್ಲಿ 8ನೇ ಆಯ್ಕೆ ಗುರುತನ್ನು ತೋರಿಸುತ್ತದೆ. 'ಸಿಎಚ್‌ಜಿಎಟಿಆರ್' ಕಮಾಂಡ್‌ನಿಂದ ಅದನ್ನು 1208 ಮಾಡಿದರೆ ಗುರುತಷ್ಟೇ ಬದಲಾಗುತ್ತದೆ, ಒಳಗಿನ ಬೈಟ್‌ಗಳು ಹಾಗೇ ಉಳಿಯುತ್ತವೆ. ನಮಗೆ ಬೇಕಿರುವುದೂ ಅದೇ.

ಡಿಬಿ2ಗೆ ಕೈ ಚಾಚುವುದು

ಪ್ರೋಗ್ರಾಂನಿಂದ ಡೇಟಾಬೇಸ್ ತಲುಪುವ ಸಾಮಾನ್ಯ ಮಾರ್ಗವಾದ ಓಡಿಬಿಸಿಯನ್ನೇ ಹಿಡಿಯಿರಿ. ನೋಡ್‌ಗೂ ಪೈಥಾನ್‌ಗೂ ಅದೇ ಡ್ರೈವರ್. ನಿಮ್ಮ ಪಿಸಿಯಲ್ಲಿ ಅಭಿವೃದ್ಧಿ ಮಾಡುವಾಗಲೂ ಅದೇ. ಯಮ್‌ನಿಂದ ಯುನಿಕ್ಸ್‌ಓಡಿಬಿಸಿ ಮತ್ತು ಯುನಿಕ್ಸ್‌ಓಡಿಬಿಸಿ-ಡೆವೆಲ್ ತರಿಸಿ. ಐಬಿಎಂ ಐ ಆಕ್ಸೆಸ್ ಡ್ರೈವರ್‌ನ ಪೇಸ್ ಆವೃತ್ತಿಯನ್ನು ಐಬಿಎಂನಿಂದ ಪಡೆದು ಯಮ್ ಮೂಲಕವೇ ಕೂರಿಸಿ. ಅದು 'ಸ್ಟಾರ್ ಲೋಕಲ್' ಎಂಬ ಡಿಎಸ್‌ಎನ್ (ಸಂಪರ್ಕದ ಹೆಸರು) ಅನ್ನು ತಾನೇ ಬರೆದುಕೊಳ್ಳುತ್ತದೆ. ಆ ಹೆಸರಿನಿಂದ ಸೇರಿದರೆ ಓಡುತ್ತಿರುವ ಪ್ರೊಫೈಲ್‌ನ ಅಧಿಕಾರವೇ ಅನ್ವಯ; ಪಾಸ್‌ವರ್ಡ್ ಅನ್ನು ಎಲ್ಲೂ ಬರೆದಿಡಬೇಕಿಲ್ಲ. ಇದೊಂದೇ ಕಾರಣಕ್ಕೂ ವೆಬ್ ಪದರವನ್ನು ಅದೇ ಯಂತ್ರದಲ್ಲಿ ಇಡುವುದು ಲಾಭದ್ದು.

ಕೋಡ್ ಬರೆಯುವ ಮೊದಲು ಟರ್ಮಿನಲ್‌ನಲ್ಲಿ 'ಐಎಸ್‌ಕ್ಯೂಎಲ್' ಜೊತೆ ಸ್ಟಾರ್ ಲೋಕಲ್ ಎಂಬುದನ್ನು ಉದ್ಧರಣ ಚಿಹ್ನೆಯೊಳಗೆ ಕೊಟ್ಟು ಒಂದು ಸೆಲೆಕ್ಟ್ ಓಡಿಸಿ. ಇಲ್ಲಿ ನಡೆಯದ್ದು ನೋಡ್‌ನಲ್ಲೂ ನಡೆಯದು. ಆಮೇಲೆ ಪ್ರಾಜೆಕ್ಟ್ ಫೋಲ್ಡರ್‌ನಲ್ಲಿ ನೋಡ್ ಪ್ಯಾಕೇಜುಗಳನ್ನು ತರುವ 'ಎನ್‌ಪಿಎಂ ಇನ್‌ಸ್ಟಾಲ್ ಎಕ್ಸ್‌ಪ್ರೆಸ್ ಓಡಿಬಿಸಿ'. ಸಿದ್ಧ ಬೈನರಿ ಸಿಗದಿದ್ದರೆ ಎನ್‌ಪಿಎಂ ಅಲ್ಲೇ ಕಂಪೈಲ್ ಮಾಡಲು ಹೊರಡುತ್ತದೆ. ಅದಕ್ಕೆ ಜಿಸಿಸಿ, ಮೇಕ್-ಗ್ನೂ, ಪೈಥಾನ್ ಬೇಕು. 'ಎಸ್‌ಕ್ಯೂಎಲ್ ಡಾಟ್ ಎಚ್ ಸಿಗಲಿಲ್ಲ' ಎಂದರೆ ಡೆವೆಲ್ ಪ್ಯಾಕೇಜ್ ಬಿಟ್ಟಿದ್ದೀರಿ ಎಂದರ್ಥ.

ಕನೆಕ್ಷನ್ ಸ್ಟ್ರಿಂಗ್‌ನಲ್ಲಿ ಮೂರು ಕೀವರ್ಡ್ ಮುಖ್ಯ. 'ಎನ್‌ಎಎಂ'ಗೆ 1 ಕೊಟ್ಟರೆ ಸಿಸ್ಟಂ ನೇಮಿಂಗ್. ಲೈಬ್ರರಿ ಹೆಸರಿಲ್ಲದ ಟೇಬಲ್ ಅನ್ನು ಲೈಬ್ರರಿ ಪಟ್ಟಿಯಲ್ಲಿ ಹುಡುಕುತ್ತದೆ. ಹಳೆಯ ಆರ್‌ಪಿಜಿ ಪ್ರಪಂಚದ ನಡವಳಿಕೆ ಇದೇ. 'ಡಿಬಿಕ್ಯೂ'ಗೆ ಆ ಪಟ್ಟಿಯನ್ನು ಕೊಡಿ, ಆದರೆ ಮೊದಲಿಗೆ ಒಂದು ಅಲ್ಪವಿರಾಮ ಹಾಕಿ. ಹಾಕದಿದ್ದರೆ ಮೊದಲ ಲೈಬ್ರರಿಯೇ ಡೀಫಾಲ್ಟ್ ಸ್ಕೀಮಾ ಆಗಿ, ಉಳಿದವುಗಳನ್ನು ಹುಡುಕುವುದೇ ಇಲ್ಲ. 'ಸಿಎಂಟಿ' ಎಂಬುದು ಕಮಿಟ್ ಮಟ್ಟ. ಇದನ್ನು ಬಿಟ್ಟರೆ ಸೆಲೆಕ್ಟ್ ಎಲ್ಲ ಚೆನ್ನಾಗಿ ನಡೆದು, ಮೊದಲ ಅಪ್‌ಡೇಟ್‌ಗೆ ಎಸ್‌ಕ್ಯೂಎಲ್7008 ಎರರ್, ಕಾರಣ ಸಂಖ್ಯೆ 3 ಬರಬಹುದು. ಹಳೆಯ ಫೈಲಿಗೆ ಜರ್ನಲ್, ಅಂದರೆ ಬದಲಾವಣೆಗಳ ದಾಖಲೆ, ಇಲ್ಲ, ಕಮಿಟ್ ನಿಯಂತ್ರಣ ಜರ್ನಲ್ ಕೇಳುತ್ತದೆ. ಸಿಎಂಟಿಗೆ 0 ಕೊಟ್ಟು ದಾಟಬಹುದು, ಆದರೆ ಆಗ ಟ್ರಾನ್ಸಾಕ್ಷನ್ ಎಂಬುದೇ ಇರುವುದಿಲ್ಲ. ಎರಡು ಟೇಬಲ್‌ಗೆ ಬರೆಯುವಾಗ ನಡುವೆ ಬಿದ್ದರೆ ಅರ್ಧ ಉಳಿಯುತ್ತದೆ. ವೆಬ್‌ನಿಂದ ಬರೆಯುವ ಫೈಲ್‌ಗಳನ್ನು 'ಎಸ್‌ಟಿಆರ್‌ಜೆಆರ್‌ಎನ್‌ಪಿಎಫ್'ನಿಂದ ಜರ್ನಲ್‌ಗೆ ಸೇರಿಸುವುದೇ ಸರಿಯಾದ ಮದ್ದು.

ವಿನಂತಿಗೊಂದು ಹೊಸ ಕನೆಕ್ಷನ್ ತೆರೆಯಬೇಡಿ. ಪ್ರತಿ ಕನೆಕ್ಷನ್ ಹಿಂದೆ ಒಂದು ಡೇಟಾಬೇಸ್ ಸರ್ವರ್ ಜಾಬ್ ಇರುತ್ತದೆ. ಓಡಿಬಿಸಿ ಪ್ಯಾಕೇಜ್‌ನ ಪೂಲ್ ಬಳಸಿ, ಐದರಿಂದ ಹತ್ತು ಕನೆಕ್ಷನ್‌ನಿಂದ ಶುರುಮಾಡಿ, ಹೊರೆ ನೋಡಿ ಏರಿಸಿ. ಬಳಕೆದಾರ ಕೊಟ್ಟ ಪಠ್ಯವನ್ನು ಎಸ್‌ಕ್ಯೂಎಲ್ ವಾಕ್ಯಕ್ಕೆ ಅಂಟಿಸದೆ ಪ್ರಶ್ನಾರ್ಥಕ ಚಿಹ್ನೆಯ ಪ್ಯಾರಾಮೀಟರ್ ಮಾರ್ಕರ್ ಆಗಿಯೇ ಕಳಿಸಿ. ಹಸಿರು ಪರದೆಯ ಕಾಲದಲ್ಲಿ ಹೊರಗಿನವರು ಈ ಟೇಬಲ್‌ಗಳ ಹತ್ತಿರ ಸುಳಿಯುತ್ತಿರಲಿಲ್ಲ. ಈಗ ನೀವು ಬಾಗಿಲು ತೆರೆಯುತ್ತಿದ್ದೀರಿ.

ಹಳೆಯ ಫೈಲ್‌ಗಳ ದತ್ತಾಂಶ ಹೊರಬರುವಾಗ ಕಾಡುವ ಸಂಗತಿಗಳು ಹೀಗಿವೆ.

ಹೆಸರಿನ ಬದಲು 'ಸಿ1ಸಿ2ಸಿ3404040' ಎಂಬಂಥ ಹೆಕ್ಸ್ ಸಾಲು ಬಂದರೆ ಆ ಕಾಲಂ ಸಿಸಿಎಸ್‌ಐಡಿ 65535, ಅಂದರೆ 'ಬದಲಿಸಬೇಡ' ಎಂಬ ಗುರುತು ಹೊತ್ತಿದೆ. ಸಿ1 ಎಂಬುದು ಎಬ್ಸಿಡಿಕ್‌ನಲ್ಲಿ ಎ, 40 ಎಂಬುದು ಖಾಲಿ ಜಾಗ. ಡ್ರೈವರ್‌ನ ಟ್ರಾನ್ಸ್‌ಲೇಟ್ ಆಯ್ಕೆಗೆ 1 ಕೊಟ್ಟರೆ ತಕ್ಷಣಕ್ಕೆ ಸರಿಹೋಗುತ್ತದೆ. ಆದರೆ ನಿಜವಾಗಿಯೇ ಬೈನರಿ ಇರುವ ಕಾಲಂಗಳನ್ನೂ ಅದು ಪಠ್ಯವೆಂದು ತಿರುಗಿಸಿಬಿಡುತ್ತದೆ. ಶಾಶ್ವತ ಪರಿಹಾರ ಫೈಲಿಗೆ ಸರಿಯಾದ ಸಿಸಿಎಸ್‌ಐಡಿ ಕೊಡುವುದು.

ದಿನಾಂಕ 1250131 ಎಂಬ ಏಳಂಕಿಯಾಗಿ ಬರುತ್ತದೆ. ಮೊದಲ 1 ಎಂದರೆ ಎರಡು ಸಾವಿರದ ಶತಮಾನ, ಮುಂದಿನದು 25ನೇ ವರ್ಷ, ಜನವರಿ 31. ಇದಕ್ಕೆ 19000000 ಕೂಡಿಸಿದರೆ 20250131. ಈ ಲೆಕ್ಕವನ್ನು ಜಾವಾಸ್ಕ್ರಿಪ್ಟ್‌ನಲ್ಲಿ ಅಲ್ಲಲ್ಲಿ ಬರೆಯುವ ಬದಲು ಡಿಬಿ2ನಲ್ಲೇ ಒಂದು ವ್ಯೂ (ಟೇಬಲ್‌ನಂತೆ ಕಾಣುವ ಉಳಿಸಿಟ್ಟ ಪ್ರಶ್ನೆ) ಮಾಡಿ, ಟೈಮ್‌ಸ್ಟ್ಯಾಂಪ್ ಫಾರ್ಮ್ಯಾಟ್ ಫಂಕ್ಷನ್‌ನಿಂದ ನಿಜವಾದ ದಿನಾಂಕವಾಗಿ ಹೊರಗೆ ಕೊಡಿ. ಶೂನ್ಯ ಇರುವ ಸಾಲುಗಳನ್ನು ಕೇಸ್ ಹಾಕಿ ನಲ್ ಮಾಡಿ. ಇಲ್ಲದಿದ್ದರೆ ಒಂದೇ ಕೆಟ್ಟ ಸಾಲು ಇಡೀ ಪ್ರಶ್ನೆಯನ್ನು ಬೀಳಿಸುತ್ತದೆ. ಆರಕ್ಷರದ ಕಾಲಂ ಹೆಸರುಗಳಿಗೆ ಅರ್ಥವಾಗುವ ಹೆಸರು ಕೊಡುವುದು, ಕ್ಯಾರಕ್ಟರ್ ಕಾಲಂಗಳ ಬಾಲದ ಖಾಲಿ ಜಾಗ ಕತ್ತರಿಸುವುದು, ಇವನ್ನೂ ಅದೇ ವ್ಯೂನಲ್ಲಿ ಮುಗಿಸಿ. ಒಂದೇ ಫೈಲಿನಲ್ಲಿ ತಿಂಗಳಿಗೊಂದು ಮೆಂಬರ್ ಇದ್ದರೆ ಎಸ್‌ಕ್ಯೂಎಲ್‌ಗೆ ಕಾಣುವುದು ಮೊದಲನೆಯದು ಮಾತ್ರ. 'ಕ್ರಿಯೇಟ್ ಏಲಿಯಾಸ್' ಮಾಡಿ ಬೇಕಾದ ಮೆಂಬರ್ ತೋರಿಸಿ. ಹದಿನೈದಂಕಿ ದಾಟುವ ಪ್ಯಾಕ್ಡ್ (ದಶಮಾಂಶ ಸಂಖ್ಯೆಯ ರೂಪದ) ಮೊತ್ತಗಳನ್ನು ಎಸ್‌ಕ್ಯೂಎಲ್‌ನಲ್ಲೇ ವರ್‌ಕ್ಯಾರ್‌ಗೆ, ಅಂದರೆ ಪಠ್ಯಕ್ಕೆ, ತಿರುಗಿಸಿ ಕಳಿಸಿ, ಜಾವಾಸ್ಕ್ರಿಪ್ಟ್‌ನ ಸಂಖ್ಯೆ ಅಷ್ಟನ್ನು ನಿಖರವಾಗಿ ಹಿಡಿಯಲಾರದು.

ಕನ್ನಡ ಪಠ್ಯ ಇಡಬೇಕೆಂದರೆ

ಸಿಸಿಎಸ್‌ಐಡಿ 37ರ ಕಾಲಂನಲ್ಲಿ ಕನ್ನಡಕ್ಕೆ ಜಾಗವೇ ಇಲ್ಲ. ಬರೆದರೆ ಬದಲಿ ಚಿಹ್ನೆಗಳು ಕೂರುತ್ತವೆ, ಮೂಲ ಅಕ್ಷರಗಳು ಮತ್ತೆ ಸಿಗುವುದಿಲ್ಲ. ಯುನಿಕೋಡ್ ಕಾಲಂ ಬೇಕು. ಎರಡು ಆಯ್ಕೆ: ಸಿಸಿಎಸ್‌ಐಡಿ 1208ರ ವರ್‌ಕ್ಯಾರ್, ಅದು ಯುಟಿಎಫ್-8, ಇಲ್ಲವೇ ಎನ್‌ವರ್‌ಕ್ಯಾರ್, ಅದು ಸಿಸಿಎಸ್‌ಐಡಿ 1200ರ ಯುಟಿಎಫ್-16.

ಎನ್‌ವರ್‌ಕ್ಯಾರ್ ಆರಿಸಿ ಎಂಬುದು ನಮ್ಮ ಸಲಹೆ. ವರ್‌ಕ್ಯಾರ್‌ನ ಉದ್ದ ಬೈಟ್‌ಗಳ ಲೆಕ್ಕ, ಯುಟಿಎಫ್-8ನಲ್ಲಿ ಪ್ರತಿ ಕನ್ನಡ ಚಿಹ್ನೆಗೆ 3 ಬೈಟ್. 'ಕರ್ನಾಟಕ' ಎಂಬುದು ಕಣ್ಣಿಗೆ ನಾಲ್ಕು ಅಕ್ಷರ. ಯುನಿಕೋಡ್‌ನಲ್ಲಿ ಹಲಂತ ಮತ್ತು ದೀರ್ಘ ಸೇರಿ 7 ಚಿಹ್ನೆ, ಅಂದರೆ 21 ಬೈಟ್. 30 ಉದ್ದದ ವರ್‌ಕ್ಯಾರ್‌ನಲ್ಲಿ ಹಿಡಿಯುವುದು 10 ಚಿಹ್ನೆ ಅಷ್ಟೆ. 30 ಉದ್ದದ ಎನ್‌ವರ್‌ಕ್ಯಾರ್‌ನಲ್ಲಿ 30 ಚಿಹ್ನೆ ಹಿಡಿಯುತ್ತವೆ. ಪೂರ್ಣ ಹೆಸರಿಗೆ 60, ವಿಳಾಸದ ಸಾಲಿಗೆ 120 ಇಟ್ಟರೆ ಇಕ್ಕಟ್ಟಾಗುವುದಿಲ್ಲ.

ಈ ಕಾಲಂ ಅನ್ನು ಹಳೆಯ ಫೈಲಿಗೇ ಸೇರಿಸಬೇಡಿ. ಸೇರಿಸಿದರೆ ರೆಕಾರ್ಡ್ ಫಾರ್ಮ್ಯಾಟ್‌ನ ಗುರುತು ಬದಲಾಗಿ, ಆ ಫೈಲ್ ಬಳಸುವ ಆರ್‌ಪಿಜಿ ಪ್ರೋಗ್ರಾಂಗಳೆಲ್ಲ ಸಿಪಿಎಫ್4131 ಲೆವೆಲ್ ಚೆಕ್‌ನಿಂದ ನಿಲ್ಲುತ್ತವೆ, ಎಲ್ಲವನ್ನೂ ಮರುಕಂಪೈಲ್ ಮಾಡಬೇಕಾಗುತ್ತದೆ. ವಸ್ತುವಿನ ಸಂಖ್ಯೆ ಅಥವಾ ಗ್ರಾಹಕರ ಸಂಖ್ಯೆಯನ್ನೇ ಕೀಲಿಯಾಗಿಟ್ಟು ಪಕ್ಕದಲ್ಲಿ ಹೊಸ ಟೇಬಲ್ ಮಾಡಿ, ವ್ಯೂನಲ್ಲಿ ಜೋಡಿಸಿ. ಹಸಿರು ಪರದೆ ತನ್ನ ಪಾಡಿಗೆ ಇಂಗ್ಲಿಷ್ ಹೆಸರು ತೋರಿಸುತ್ತಿರುತ್ತದೆ, ಬ್ರೌಸರ್‌ನಲ್ಲಿ ಕನ್ನಡ ಬರುತ್ತದೆ.

ಆರ್‌ಪಿಜಿ ಪ್ರೋಗ್ರಾಂ ಕರೆಯುವುದು

ಬೆಲೆ ಕಟ್ಟುವುದು, ಸಾಲದ ಮಿತಿ ನೋಡುವುದು ಮುಂತಾದ ನಿಯಮಗಳು ಆರ್‌ಪಿಜಿಯಲ್ಲಿದ್ದರೆ ಅವನ್ನು ಜಾವಾಸ್ಕ್ರಿಪ್ಟ್‌ನಲ್ಲಿ ಮತ್ತೆ ಬರೆಯಬೇಡಿ. ಎರಡು ಕಡೆ ಬರೆದ ನಿಯಮ ಬೇಗನೆ ಬೇರೆಬೇರೆ ಉತ್ತರ ಕೊಡತೊಡಗುತ್ತದೆ. ಪ್ರೋಗ್ರಾಂಗೆ ಒಂದು ಎಸ್‌ಕ್ಯೂಎಲ್ ಪ್ರೊಸೀಜರ್ ಹೊದಿಕೆ ಹಾಕಿ: 'ಕ್ರಿಯೇಟ್ ಪ್ರೊಸೀಜರ್', ಎಕ್ಸ್‌ಟರ್ನಲ್ ನೇಮ್‌ನಲ್ಲಿ ಲೈಬ್ರರಿ ಮತ್ತು ಪ್ರೋಗ್ರಾಂ, ಲ್ಯಾಂಗ್ವೇಜ್ ಆರ್‌ಪಿಜಿಎಲ್‌ಇ, ಪ್ಯಾರಾಮೀಟರ್ ಸ್ಟೈಲ್ ಜನರಲ್. ಪ್ಯಾರಾಮೀಟರ್‌ಗಳ ಕ್ರಮ, ಉದ್ದ, ದಶಮಾಂಶ ಸ್ಥಾನ ಆರ್‌ಪಿಜಿಯಲ್ಲಿ ಇರುವಂತೆಯೇ ಇರಬೇಕು. 9 ಅಂಕಿ 2 ದಶಮಾಂಶದ ಪ್ಯಾಕ್ಡ್ ಜಾಗಕ್ಕೆ ಇಂಟಿಜರ್ ಕಳಿಸಿದರೆ ದಶಮಾಂಶ ದತ್ತಾಂಶ ದೋಷ ಬಂದು ಜಾಬ್ ನಿಲ್ಲುತ್ತದೆ. ಪ್ರೋಗ್ರಾಂನೊಳಗೆ ಪರದೆ ಫೈಲ್ ತೆರೆಯುವ ಸಾಲಿದ್ದರೆ ಅದು ವೆಬ್‌ನಿಂದ ಓಡುವುದಿಲ್ಲ; ನಿಯಮದ ಭಾಗವನ್ನು ಬೇರೆ ಪ್ರೊಸೀಜರ್ ಆಗಿ ಬಿಡಿಸಬೇಕು. ಇಡೀ ಯೋಜನೆಯಲ್ಲಿ ಹೆಚ್ಚು ದಿನ ತಿನ್ನುವ ಕೆಲಸ ಇದು, ಅಂದಾಜು ಕೊಡುವಾಗ ಗಮನದಲ್ಲಿರಲಿ.

ಎಕ್ಸ್‌ಎಂಎಲ್‌ಸರ್ವಿಸ್ ಮತ್ತು ಐಟೂಲ್‌ಕಿಟ್ ಎಂಬ ಇನ್ನೊಂದು ದಾರಿಯೂ ಇದೆ, ಡೇಟಾ ಸ್ಟ್ರಕ್ಚರ್‌ಗಳು ಜಟಿಲವಾಗಿದ್ದಾಗ ಉಪಯುಕ್ತ. ಸರಳ ಪ್ಯಾರಾಮೀಟರ್‌ಗಳಿಗೆ ಪ್ರೊಸೀಜರ್ ಸಾಕು.

ಮುಂಬದಿಯನ್ನು ಇಲ್ಲಿ ಕಟ್ಟಬೇಡಿ

ಬ್ರೌಸರ್‌ನಲ್ಲಿ ಕಾಣುವ ಮುಂಬದಿಗೆ ಬಳಸುವ ರಿಯಾಕ್ಟ್, ವ್ಯೂಜೆಎಸ್ ಮುಂತಾದವನ್ನು ಬಿಲ್ಡ್ ಮಾಡುವ ಉಪಕರಣಗಳಲ್ಲಿ ಈಗ ರಸ್ಟ್ ಅಥವಾ ಗೋ ಭಾಷೆಯಲ್ಲಿ ಬರೆದ ತುಂಡುಗಳಿರುತ್ತವೆ. ಅವುಗಳ ಸಿದ್ಧ ಬೈನರಿ ಸಾಮಾನ್ಯವಾಗಿ ಸಿಗುವುದು ಲಿನಕ್ಸ್, ಮ್ಯಾಕ್, ವಿಂಡೋಸ್‌ಗೆ. ಪೇಸ್‌ನಲ್ಲಿ ಅವನ್ನು ಓಡಿಸಲು ಹೆಣಗುವುದು ವ್ಯರ್ಥ. ಪಿಸಿಯಲ್ಲೋ ಬಿಲ್ಡ್ ಸರ್ವರ್‌ನಲ್ಲೋ ಕಟ್ಟಿ, ಹೊರಬಂದ ಎಚ್‌ಟಿಎಂಎಲ್, ಸಿಎಸ್‌ಎಸ್, ಜಾವಾಸ್ಕ್ರಿಪ್ಟ್ ಫೋಲ್ಡರ್ ಅನ್ನು ಆರ್‌ಸಿಂಕ್‌ನಿಂದ ಐಎಫ್‌ಎಸ್‌ಗೆ ಕಳಿಸಿ. ಪೈಥಾನ್‌ನಲ್ಲೂ ಇದೇ ಜಾಣತನ: ಪಾಂಡಾಸ್, ಕ್ರಿಪ್ಟೋಗ್ರಫಿ, ಪೈಓಡಿಬಿಸಿ ಇಂಥವನ್ನು ಪಿಪ್‌ನಿಂದ ತರಿಸದೆ ಯಮ್‌ನ ಪೈಥಾನ್39 ಪೂರ್ವಪದದ ಪ್ಯಾಕೇಜುಗಳಾಗಿ ಹಾಕಿ, ವರ್ಚುವಲ್ ಎನ್ವಿರಾನ್‌ಮೆಂಟ್ ಮಾಡುವಾಗ 'ಸಿಸ್ಟಂ ಸೈಟ್ ಪ್ಯಾಕೇಜಸ್' ಆಯ್ಕೆ ಕೊಡಿ.

ಓಡಿಸುವುದು: ಪ್ರೊಫೈಲ್, ಜಾಬ್, ಪೋರ್ಟ್

ವೆಬ್ ಆಪ್‌ಗೆಂದೇ ಒಂದು ಪ್ರೊಫೈಲ್ ಮಾಡಿ. ಪಾಸ್‌ವರ್ಡ್ 'ಸ್ಟಾರ್ ನನ್', ವಿಶೇಷ ಅಧಿಕಾರ 'ಸ್ಟಾರ್ ನನ್'. ಬೇಕಾದ ವ್ಯೂ ಮತ್ತು ಪ್ರೊಸೀಜರ್‌ಗಳಿಗೆ ಮಾತ್ರ ಅನುಮತಿ ಕೊಡಿ. ಎಲ್ಲ ಅಧಿಕಾರವಿರುವ ಕ್ಯೂಸೆಕ್‌ಒಎಫ್‌ಆರ್ ಪ್ರೊಫೈಲ್‌ನಿಂದ ನೋಡ್ ಓಡಿಸಬೇಡಿ. ಎನ್‌ಪಿಎಂನಲ್ಲಿ ಬಂದ ಯಾರದೋ ಪ್ಯಾಕೇಜಿಗೆ ಇಡೀ ಯಂತ್ರದ ಕೀಲಿಕೈ ಕೊಟ್ಟಂತಾಗುತ್ತದೆ.

ಎಸ್‌ಎಸ್‌ಎಚ್ ಕಿಟಕಿಯಲ್ಲಿ ಶುರುಮಾಡಿದ ಆಪ್ ಕಿಟಕಿಯ ಜೊತೆಗೇ ಸಾಯುತ್ತದೆ. ಬ್ಯಾಚ್ ಜಾಬ್ ಆಗಿ ಓಡಬೇಕು. 'ಎಸ್‌ಬಿಎಂಜಾಬ್'ನಿಂದ ಕ್ಯೂಪಿ2ಶೆಲ್ ಕರೆಯುವವರು ಎರಡು ವಿಷಯ ನೋಡಿಕೊಳ್ಳಿ. ಒಂದು, ಎಎಲ್‌ಡಬ್ಲ್ಯುಎಂಎಲ್‌ಟಿಟಿಎಚ್‌ಡಿ ಜಾಗದಲ್ಲಿ 'ಸ್ಟಾರ್ ಯೆಸ್', ಯಾಕೆಂದರೆ ನೋಡ್ ಹಲವು ಥ್ರೆಡ್ ಬಳಸುತ್ತದೆ. ಎರಡು, ಜಾಬ್ ಕ್ಯೂ. ಕ್ಯೂಬ್ಯಾಚ್‌ನಲ್ಲಿ ಒಂದು ಸಲಕ್ಕೆ ಒಂದೇ ಜಾಬ್ ಓಡುವಂತೆ ಇರುವುದು ಸಾಮಾನ್ಯ. ಎಂದೂ ಮುಗಿಯದ ವೆಬ್ ಆಪ್ ಅಲ್ಲಿ ಕೂತರೆ ರಾತ್ರಿಯ ಬಿಲ್ಲಿಂಗ್ ಬೆಳಗಿನವರೆಗೂ ಸರದಿಯಲ್ಲೇ ನಿಂತಿರುತ್ತದೆ. ಮಿತಿಯಿಲ್ಲದ 'ಕ್ಯೂಯುಎಸ್‌ಆರ್‌ನೋಮ್ಯಾಕ್ಸ್' ಕ್ಯೂಗೆ ಕಳಿಸಿ, ಅಥವಾ ವೆಬ್‌ಗೆಂದೇ ಪ್ರತ್ಯೇಕ ಮೆಮೊರಿ ಪೂಲ್ ಇರುವ ಸಬ್‌ಸಿಸ್ಟಂ (ಜಾಬ್‌ಗಳು ಓಡುವ ವಲಯ) ಮಾಡಿ. ಆಪ್‌ಗಳು ಎರಡು ಮೂರಾದ ಮೇಲೆ ಪ್ರತ್ಯೇಕ ಸಬ್‌ಸಿಸ್ಟಂ ಇಲ್ಲದೆ ಹೊರೆ ಅಳೆಯುವುದು ಕಷ್ಟ.

ಇದನ್ನೆಲ್ಲ ಕೈಯಾರೆ ಮಾಡುವ ಬದಲು ಸರ್ವಿಸ್ ಕಮಾಂಡರ್ ಬಳಸಿ. ಪ್ರಾಜೆಕ್ಟ್ ಫೋಲ್ಡರ್‌ನಲ್ಲಿ 'ಎಸ್‌ಸಿಇನಿಟ್' ಎಂದು ಬರೆದು ಮುಂದೆ ಆಪ್ ಶುರುಮಾಡುವ ಕಮಾಂಡ್ ಕೊಟ್ಟರೆ, ಪ್ರಶ್ನೆಗಳನ್ನು ಕೇಳಿ ಒಂದು ಯಾಮಲ್ ಸಂರಚನಾ ಫೈಲ್ ಬರೆದುಕೊಡುತ್ತದೆ. ಬ್ಯಾಚ್ ಮೋಡ್‌ಗೆ ಯೆಸ್ ಎನ್ನಿ, ಚೆಕ್ ಅಲೈವ್‌ಗೆ ಪೋರ್ಟ್ ಸಂಖ್ಯೆ ಕೊಡಿ, ಜಾಬ್ ಕ್ಯೂ ಮುಂತಾದವನ್ನು ಎಸ್‌ಬಿಎಂಜಾಬ್ ಆಯ್ಕೆಗಳ ಸಾಲಿನಲ್ಲಿ ಬರೆಯಿರಿ. ಆಮೇಲೆ 'ಎಸ್‌ಸಿ ಸ್ಟಾರ್ಟ್', 'ಎಸ್‌ಸಿ ಸ್ಟಾಪ್', 'ಎಸ್‌ಸಿ ಚೆಕ್'. ಲಾಗ್ ಎಲ್ಲಿದೆ ಎಂದು 'ಎಸ್‌ಸಿ ಲಾಗ್‌ಇನ್ಫೋ' ಹೇಳುತ್ತದೆ. ಐಪಿಎಲ್ ನಂತರ ಏಳಲು ಸ್ಟಾರ್ಟಪ್ ಪ್ರೋಗ್ರಾಂನಲ್ಲಿ, ಟಿಸಿಪಿ ಎದ್ದ ಮೇಲೆ, ಈ ಸ್ಟಾರ್ಟ್ ಕಮಾಂಡ್ ಅನ್ನು ಸೇರಿಸಿ.

ಪೋರ್ಟ್ ಆಗಲೇ ಬಳಕೆಯಲ್ಲಿದೆ ಎಂದು ನೋಡ್ ನಿಂತರೆ 'ನೆಟ್‌ಸ್ಟ್ಯಾಟ್' ಜೊತೆ 'ಸ್ಟಾರ್ ಸಿಎನ್‌ಎನ್' ಕೊಡಿ, ಎಫ್14 ಒತ್ತಿ ಪೋರ್ಟ್‌ಗಳನ್ನು ಸಂಖ್ಯೆಯಲ್ಲಿ ನೋಡಿ, ಆ ಸಾಲಿನ ಮುಂದೆ 8 ಹಾಕಿದರೆ ಹಿಡಿದು ಕೂತ ಜಾಬ್ ತಿಳಿಯುತ್ತದೆ. ಹೆಚ್ಚಾಗಿ ಅದು ನಿಮ್ಮದೇ ಹಳೆಯ ಜಾಬ್.

ನೋಡ್ ಅನ್ನು ನೇರವಾಗಿ ಹೊರಗೆ ತೆರೆದಿಡಬೇಡಿ. 127.0.0.1ರ 3000ನೇ ಪೋರ್ಟ್‌ನಲ್ಲಿ ಮಾತ್ರ ಆಲಿಸಲಿ, ಮುಂದೆ ಐಬಿಎಂನ ಎಚ್‌ಟಿಟಿಪಿ ಸರ್ವರ್ ನಿಲ್ಲಲಿ. ಅಡ್ಮಿನ್ ಪುಟ 2001ನೇ ಪೋರ್ಟ್‌ನಲ್ಲಿ ಸಿಗುತ್ತದೆ. ಹೊಸ ಸರ್ವರ್ ಮಾಡಿ, ಪ್ರಾಕ್ಸಿ ಮತ್ತು ಪ್ರಾಕ್ಸಿ ಎಚ್‌ಟಿಟಿಪಿ ಮಾಡ್ಯೂಲ್‌ಗಳನ್ನು ಲೋಡ್ ಮಾಡಿ, ಸ್ಲ್ಯಾಶ್ ಎಪಿಐ ಎಂದು ಶುರುವಾಗುವ ವಿಳಾಸಗಳನ್ನು 'ಪ್ರಾಕ್ಸಿಪಾಸ್'ನಿಂದ 3000ಕ್ಕೆ ದಾಟಿಸಿ. ಉಳಿದದ್ದಕ್ಕೆ ಮುಂಬದಿಯ ಫೋಲ್ಡರ್ ಸಾಕು. ಪ್ರಮಾಣಪತ್ರಗಳನ್ನು ಡಿಜಿಟಲ್ ಸರ್ಟಿಫಿಕೇಟ್ ಮ್ಯಾನೇಜರ್‌ನಲ್ಲೇ ಇಡಬಹುದು, ಖಾಸಗಿ ಕೀ ಫೈಲ್ ಐಎಫ್‌ಎಸ್‌ನಲ್ಲಿ ಬಿದ್ದಿರುವುದಿಲ್ಲ. ಎಂಜಿನ್‌ಎಕ್ಸ್‌ಗಿಂತ ಇದನ್ನು ಮೇಲೆಂದು ಹೇಳುವುದು ಮುಖ್ಯವಾಗಿ ಈ ಕಾರಣಕ್ಕೆ.

ಬ್ಯಾಕಪ್ ಮತ್ತು ಅಪ್‌ಡೇಟ್

ಯಮ್ ಪ್ಯಾಕೇಜುಗಳು ಪಿಟಿಎಫ್ (ಐಬಿಎಂ ಕೊಡುವ ತಿದ್ದುಪಡಿ ಕಟ್ಟು) ಜೊತೆ ಬರುವುದಿಲ್ಲ. ಆಪರೇಟಿಂಗ್ ಸಿಸ್ಟಂ ತಂಡ ಪಿಟಿಎಫ್ ಹಾಕಿದರೂ ನೋಡ್ ಹಳೆಯದೇ ಉಳಿಯುತ್ತದೆ. ತಿಂಗಳಿಗೊಮ್ಮೆ 'ಯಮ್ ಚೆಕ್-ಅಪ್‌ಡೇಟ್' ನೋಡಿ, ಮೊದಲು ಪರೀಕ್ಷಾ ಯಂತ್ರದಲ್ಲಿ 'ಯಮ್ ಅಪ್‌ಗ್ರೇಡ್' ಮಾಡಿ. ಆ ಹೊತ್ತಿಗೆ ಆಪ್‌ಗಳನ್ನು ನಿಲ್ಲಿಸಿರಬೇಕು.

ನೋಡ್ ಮಾಡ್ಯೂಲ್ಸ್ ಫೋಲ್ಡರ್‌ನಲ್ಲಿ ಸಾವಿರಾರು ಚಿಕ್ಕ ಫೈಲ್‌ಗಳಿರುತ್ತವೆ. ಐಎಫ್‌ಎಸ್ ಬ್ಯಾಕಪ್‌ನಲ್ಲಿ ಗಾತ್ರಕ್ಕಿಂತ ಫೈಲ್‌ಗಳ ಎಣಿಕೆಯೇ ಸಮಯ ತಿನ್ನುತ್ತದೆ. 'ಎಸ್‌ಎವಿ' ಕಮಾಂಡ್‌ನ ಆಬ್ಜೆಕ್ಟ್ ಪಟ್ಟಿಯಲ್ಲಿ ಆ ಫೋಲ್ಡರ್ ಅನ್ನು 'ಸ್ಟಾರ್ ಒಮಿಟ್' ಮಾಡಿ, ಪ್ಯಾಕೇಜ್ ಲಾಕ್ ಫೈಲ್ ಉಳಿಸಿಕೊಂಡರೆ 'ಎನ್‌ಪಿಎಂ ಸಿಐ'ನಿಂದ ಅದೇ ಆವೃತ್ತಿಗಳು ಮರಳಿ ಬರುತ್ತವೆ. ಆದರೆ ಮರುಸ್ಥಾಪನೆ ಮಾಡುವ ಯಂತ್ರಕ್ಕೆ ಇಂಟರ್ನೆಟ್ ಇಲ್ಲದಿದ್ದರೆ ಇದು ನಡೆಯದು. ಅಂಥಲ್ಲಿ ಪ್ರತಿ ಬಿಡುಗಡೆಯಲ್ಲೂ ಆ ಫೋಲ್ಡರ್ ಅನ್ನು ಟಾರ್‌ನಿಂದ ಒಂದೇ ಫೈಲಾಗಿ ಕಟ್ಟಿ, ಕಟ್ಟಿದ ಫೈಲನ್ನು ಬ್ಯಾಕಪ್‌ಗೆ ಸೇರಿಸಿ.